ದಾಂಪತ್ಯದ ಕೇಸಿನಲ್ಲಿ ಆಸ್ಪತ್ರೆಯ ದಾಖಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಚ್ಛೇದನ, ಜೀವನಾಂಶ, ಮಕ್ಕಳ ಕಸ್ಟಡಿ, ಕೌಟುಂಬಿಕ ದೌರ್ಜನ್ಯ. ಈ ಕೇಸುಗಳಲ್ಲಿ ಎಲ್ಲೋ ಒಂದು ಕಡೆ ಆಸ್ಪತ್ರೆಯ ಕಾಗದ ಬಂದೇ ಬರುತ್ತದೆ. ಅದನ್ನು ಹೇಗೆ ಬಳಸಬೇಕು, ಯಾವಾಗ ಬಳಸಲೇಬಾರದು ಎನ್ನುವುದು ಇಲ್ಲಿದೆ. ಇಲ್ಲಿರುವುದು ಭಾರತದ ಕಾನೂನು. ಹೆಚ್ಚಿನ ಉತ್ತರಗಳು 1955ರ ಹಿಂದೂ ವಿವಾಹ ಕಾಯ್ದೆಗೆ ಸಂಬಂಧಿಸಿದವು. ಬೇರೆ ಕಾಯ್ದೆಯ ಮಾತು ಬಂದಲ್ಲಿ ಅದರ ಹೆಸರು ಹೇಳಿದ್ದೇನೆ.

ವೈದ್ಯಕೀಯ ದಾಖಲೆ ಅಂದರೆ ಏನೇನು ಸೇರುತ್ತದೆ?

ಓಪಿಡಿ ಚೀಟಿ, ಕೇಸ್ ಶೀಟ್, ಡಿಸ್‌ಚಾರ್ಜ್ ಸಮರಿ, ಲ್ಯಾಬ್ ರಿಪೋರ್ಟ್, ಎಕ್ಸ್‌ರೇ, ಸ್ಕ್ಯಾನಿಂಗ್, ಗಾಯದ ಪ್ರಮಾಣಪತ್ರ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸುಗಳ) ರಿಜಿಸ್ಟರಿನ ನಮೂದು, ಔಷಧದ ಬಿಲ್, ಅಂಗವಿಕಲತೆಯ ಪ್ರಮಾಣಪತ್ರ ಎಲ್ಲವೂ ಸೇರುತ್ತವೆ. ಜನ ಡಿಸ್‌ಚಾರ್ಜ್ ಸಮರಿ ಒಂದನ್ನೇ ಜೋಪಾನ ಮಾಡುತ್ತಾರೆ. ಆದರೆ ಕೋರ್ಟಿನಲ್ಲಿ ಕೇಸ್ ಶೀಟಿಗೇ ತೂಕ ಜಾಸ್ತಿ. ರೋಗಿ ಬಂದ ದಿನ, ಹೊತ್ತು, ಯಾರ ಜೊತೆ ಬಂದರು, ಏನು ಹೇಳಿದರು, ವೈದ್ಯರು ಏನು ಕಂಡರು ಎಲ್ಲ ಅದರಲ್ಲಿ ಆಗಿಂದಾಗಲೇ ಬರೆದಿರುತ್ತದೆ.

ರಿಪೋರ್ಟನ್ನು ಕೋರ್ಟಿಗೆ ಕೊಟ್ಟರೆ ಸಾಕಲ್ವಾ?

ಸಾಲದು. ತುಂಬಾ ಕೇಸುಗಳು ಸೋಲುವುದು ಇಲ್ಲೇ. ನಿಮ್ಮ ಮುಖ್ಯ ವಿಚಾರಣೆಯಲ್ಲಿ, ಅಂದರೆ ನೀವು ನಿಮ್ಮ ಪರವಾಗಿ ಸಾಕ್ಷಿ ಹೇಳುವಾಗ, ಆ ಕಾಗದಕ್ಕೆ ನಿಶಾನೆ (ಸಾಕ್ಷ್ಯದ ಗುರುತು ಸಂಖ್ಯೆ) ಹಾಕುತ್ತಾರೆ. 'ನಿಶಾನೆ ಪಿ-7' ಎಂದು ನಂಬರ್ ಬಿದ್ದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನಿಶಾನೆ ಬಿದ್ದರೆ ಕಾಗದ ಫೈಲಿನೊಳಗೆ ಹೋಯಿತು, ಅಷ್ಟೇ. ಅದರಲ್ಲಿ ಬರೆದದ್ದು ನಿಜ ಎಂದು ಬೇರೆಯಾಗಿ ಸಾಬೀತು ಮಾಡಬೇಕು. ಎದುರಿನವರು ಒಪ್ಪಿಕೊಂಡರೆ ಚಿಂತೆಯಿಲ್ಲ. ಒಪ್ಪದಿದ್ದರೆ ಬರೆದ ವೈದ್ಯರೇ ಬಂದು ಸಾಕ್ಷಿ ಹೇಳಬೇಕು, ಪಾಟೀಸವಾಲಿಗೆ (ಎದುರು ವಕೀಲರು ಕೇಳುವ ಪ್ರಶ್ನೆಗಳಿಗೆ) ಉತ್ತರ ಕೊಡಬೇಕು.

ವೈದ್ಯರ ಅಭಿಪ್ರಾಯ ಪರಿಣತರ ಅಭಿಪ್ರಾಯ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 39ರಲ್ಲಿ ಇದು ಬರುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದು ಸೆಕ್ಷನ್ 45 ಆಗಿತ್ತು. ಹೊಸ ಕಾಯ್ದೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಪರಿಣತರು ಹೇಳಿದ್ದನ್ನೆಲ್ಲ ನ್ಯಾಯಾಧೀಶರು ಒಪ್ಪಲೇಬೇಕು ಎಂದಿಲ್ಲ. ಆ ತೀರ್ಮಾನಕ್ಕೆ ಹೇಗೆ ಬಂದರು, ಯಾವ ಪರೀಕ್ಷೆ ಮಾಡಿದರು, ರೋಗಿಯನ್ನು ಎಷ್ಟು ಸಲ ನೋಡಿದರು ಎಂಬ ಪ್ರಶ್ನೆಗಳು ಬರುತ್ತವೆ. ಒಂದೇ ಸಲ ನೋಡಿ, ಹತ್ತು ನಿಮಿಷ ಮಾತಾಡಿಸಿ ಬರೆದ ಚೀಟಿ ಈ ಪ್ರಶ್ನೆಗಳ ಮುಂದೆ ನಿಲ್ಲುವುದು ಕಷ್ಟ.

ಕೌಟುಂಬಿಕ ನ್ಯಾಯಾಲಯದಲ್ಲಿ ಸಾಕ್ಷ್ಯದ ನಿಯಮ ಸಡಿಲ ಅಂತಾರೆ. ನಿಜವಾ?

ನಿಜ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಸೆಕ್ಷನ್ 14 ಇದನ್ನು ಹೇಳುತ್ತದೆ. ವಿವಾದ ಬಗೆಹರಿಸಲು ನೆರವಾಗುತ್ತದೆ ಎಂದು ಕೋರ್ಟಿಗೆ ಅನ್ನಿಸಿದರೆ ಯಾವ ವರದಿ, ಹೇಳಿಕೆ, ದಾಖಲೆಯನ್ನಾದರೂ ತೆಗೆದುಕೊಳ್ಳಬಹುದು. ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟು ಅದಕ್ಕೆ ಅಡ್ಡ ಬರುವುದಿಲ್ಲ. ಸೆಕ್ಷನ್ 12ರ ಪ್ರಕಾರ ವೈದ್ಯಕೀಯ ಪರಿಣತರ ನೆರವನ್ನೂ ಪಡೆಯಬಹುದು.

ಹಾಗಂತ ಮೈಮರೆಯಬೇಡಿ. ಬಾಗಿಲು ದೊಡ್ಡದಿದೆ ನಿಜ, ಆದರೆ ಒಳಗೆ ಬಂದ ಕಾಗದವನ್ನು ನಂಬಬೇಕೋ ಬೇಡವೋ ಎಂದು ಕೋರ್ಟ್ ಆಮೇಲೆ ತೂಗಿ ನೋಡುತ್ತದೆ. ಇನ್ನೊಂದು ವಿಷಯ: ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಈ ಕೇಸುಗಳು ಸಿವಿಲ್ ನ್ಯಾಯಾಲಯದಲ್ಲಿ ನಡೆಯುತ್ತವೆ. ಅಲ್ಲಿ ಸೆಕ್ಷನ್ 14ರ ಅನುಕೂಲ ಇರುವುದಿಲ್ಲ.

ಎಷ್ಟರ ಮಟ್ಟಿಗೆ ಸಾಬೀತು ಮಾಡಬೇಕು?

ಕ್ರಿಮಿನಲ್ ಕೇಸಿನ ಹಾಗೆ ಸಂಶಯಕ್ಕೆ ಎಡೆಯೇ ಇಲ್ಲದಷ್ಟು ಬೇಡ. ಎರಡೂ ಕಡೆಯದನ್ನು ತೂಗಿದಾಗ ಯಾವುದು ಹೆಚ್ಚು ನಿಜವಿರಬಹುದು ಎಂದು ಕಾಣುತ್ತದೋ ಅದು ಸಾಕು. ಸುಪ್ರೀಂ ಕೋರ್ಟ್ 1975ರಲ್ಲೇ ಇದನ್ನು ಸ್ಪಷ್ಟಪಡಿಸಿದೆ.

ಗಂಡ ಹೊಡೆದಿದ್ದಾನೆ. ಆಸ್ಪತ್ರೆಯಲ್ಲಿ ಏನು ಬರೆಸಬೇಕು?

ಮೊದಲು ಚಿಕಿತ್ಸೆ. ಕೇಸಿನ ಯೋಚನೆ ಆಮೇಲೆ. ಆದರೆ ವೈದ್ಯರು 'ಏನಾಯಿತು' ಎಂದು ಕೇಳುವ ಆ ಒಂದು ಗಳಿಗೆ ತುಂಬಾ ಮುಖ್ಯ. ಗಂಡನೋ ಅತ್ತೆಯೋ ಪಕ್ಕದಲ್ಲೇ ನಿಂತಿರುತ್ತಾರೆ. ಭಯಕ್ಕೆ, ಮರ್ಯಾದೆಗೆ, ಮಕ್ಕಳ ಯೋಚನೆಗೆ 'ಬಾತ್‌ರೂಮಿನಲ್ಲಿ ಜಾರಿ ಬಿದ್ದೆ' ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಅದು ಕೇಸ್ ಶೀಟಿನಲ್ಲಿ ಉಳಿದುಬಿಡುತ್ತದೆ. ಸಾಧ್ಯವಾದರೆ ವೈದ್ಯರ ಜೊತೆ ಒಬ್ಬರೇ ಮಾತಾಡಬೇಕು ಎಂದು ಕೇಳಿ. ಯಾರು, ಯಾವಾಗ, ಯಾವುದರಿಂದ ಹೊಡೆದರು ಎಂದು ಹೇಳಿ. ಗಾಯ ಎಲ್ಲಿದೆ, ಎಷ್ಟು ಉದ್ದ, ಯಾವ ಬಣ್ಣ, ಹೊಸದೋ ಹಳೆಯದೋ ಎಂಬುದನ್ನು ಬರೆಯಲು ಹೇಳಿ. 'ಪೆಟ್ಟಾಗಿದೆ' ಎಂಬ ಒಂದೇ ಮಾತಿಗಿಂತ ಈ ವಿವರಕ್ಕೆ ಬೆಲೆ ಹೆಚ್ಚು.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 7ರ ಪ್ರಕಾರ ನೊಂದ ಮಹಿಳೆ ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಕೌಟುಂಬಿಕ ಘಟನಾ ವರದಿ (ದೌರ್ಜನ್ಯದ ವಿವರ ದಾಖಲಿಸುವ ವರದಿ) ಇಲ್ಲ ಎಂಬ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ. ಆ ವರದಿ ಇನ್ನೂ ಆಗಿಲ್ಲದಿದ್ದರೆ ಆಸ್ಪತ್ರೆಯೇ ಅದರ ನಮೂನೆ 1ನ್ನು ತುಂಬಿ ಸಂರಕ್ಷಣಾಧಿಕಾರಿಗೆ (ಈ ಕಾಯ್ದೆಯ ಕೆಳಗೆ ನೊಂದ ಮಹಿಳೆಯರ ನೆರವಿಗಿರುವ ಅಧಿಕಾರಿಗೆ) ಕಳಿಸಬೇಕು. ಪರೀಕ್ಷೆಯ ವರದಿಯ ಪ್ರತಿಯನ್ನು ಮಹಿಳೆಗೆ ಉಚಿತವಾಗಿ ಕೊಡಬೇಕು. ಇದು 2006ರ ನಿಯಮಗಳಲ್ಲಿದೆ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇಲ್ಲ. ದಯವಿಟ್ಟು ಕೇಳಿ ಪಡೆಯಿರಿ.

ಗಾಯದ ಫೋಟೋ ಅದೇ ದಿನ ತೆಗೆದಿಡಿ. ಎರಡು ದಿನ ಬಿಟ್ಟು ಇನ್ನೊಂದು ತೆಗೆಯಿರಿ. ಕೆಲವು ಪೆಟ್ಟುಗಳ ಬಾವು, ಕಲೆ ಆಮೇಲೆ ಎದ್ದು ಕಾಣುತ್ತದೆ.

ಆಗ 'ಜಾರಿ ಬಿದ್ದೆ' ಎಂದೇ ಬರೆಸಿದ್ದೆ. ಈಗ ಏನು ಮಾಡಲಿ?

ಆ ಚೀಟಿಯನ್ನು ಬಚ್ಚಿಡಬೇಡಿ. ತಿದ್ದಿಸಲು ಹೋಗಲೇಬೇಡಿ. ಅಂದು ಯಾಕೆ ಹಾಗೆ ಹೇಳಿದಿರಿ, ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ನಿಮ್ಮ ಪ್ರಮಾಣಪತ್ರದಲ್ಲಿ (ಅಫಿಡವಿಟ್‌ನಲ್ಲಿ) ನೀವೇ ಮೊದಲು ಹೇಳಿ. ಅಂದು ಸಂಜೆ ತಾಯಿಗೋ ಗೆಳತಿಗೋ ಫೋನ್ ಮಾಡಿ ಹೇಳಿಕೊಂಡಿದ್ದರೆ ಅವರು ಸಾಕ್ಷಿ ಹೇಳಬಹುದು. ಗಾಯದ ಜಾಗ, ಆಕಾರ ಬೀಳುವಿಕೆಗೆ ಹೊಂದುತ್ತದೆಯೇ ಎಂದು ವೈದ್ಯರನ್ನೇ ಕೇಳಬಹುದು. ಹೆದರಿದ ಹೆಂಗಸು ಆಸ್ಪತ್ರೆಯಲ್ಲಿ ಸುಳ್ಳು ಕಾರಣ ಹೇಳಬಹುದು ಎಂಬುದು ನ್ಯಾಯಾಧೀಶರಿಗೆ ಅರ್ಥವಾಗದ ವಿಷಯವೇನಲ್ಲ. ಪಾಟೀಸವಾಲಿನಲ್ಲಿ ಎದುರು ವಕೀಲರು ಮೊದಲ ಸಲ ಅದನ್ನು ಹೊರತೆಗೆದರೆ ಮಾತ್ರ ಏಟು ಬೀಳುತ್ತದೆ.

ಸಂಗಾತಿಗೆ ಸ್ಕಿಜೋಫ್ರೇನಿಯಾ ಎಂದು ಬರೆದ ಚೀಟಿ ಇದೆ. ವಿಚ್ಛೇದನ ಸಿಗುತ್ತದಾ?

ಚೀಟಿಯೊಂದರಿಂದ ಸಿಗುವುದಿಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು.

ಸೆಕ್ಷನ್ 13(1)(iii) ಎರಡು ದಾರಿ ಹೇಳುತ್ತದೆ. ಒಂದು, ಗುಣವಾಗದ ಬುದ್ಧಿಭ್ರಮಣೆ. ಇನ್ನೊಂದು, ಬಿಡದೆ ಅಥವಾ ಬಿಟ್ಟು ಬಿಟ್ಟು ಕಾಡುವ ಮಾನಸಿಕ ಅಸ್ವಸ್ಥತೆ. ಆದರೆ ಎರಡನೆಯದರ ಜೊತೆ ಒಂದು ಷರತ್ತಿದೆ. ಆ ಅಸ್ವಸ್ಥತೆ ಎಷ್ಟು ತೀವ್ರ ಇರಬೇಕೆಂದರೆ, ಅರ್ಜಿದಾರರು ಅವರೊಂದಿಗೆ ಬಾಳಬೇಕು ಎಂದು ನಿರೀಕ್ಷಿಸುವುದೇ ನ್ಯಾಯವಲ್ಲ ಅನ್ನಿಸಬೇಕು. 1988ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಕಾಯಿಲೆಯ ಹೆಸರು ಸಾಲದು, ಅದರ ಮಟ್ಟ ಎಷ್ಟು ಎಂದು ತೋರಿಸಬೇಕು. 2013ರ ಇನ್ನೊಂದು ಕೇಸಿನಲ್ಲಿ ಹೆಂಡತಿಗೆ ಸ್ಕಿಜೋಫ್ರೇನಿಯಾ ಇದೆ ಎಂದು ಗಂಡ ವಿಚ್ಛೇದನ ಕೇಳಿದ್ದರು. ಆಕೆ ಸ್ವತಃ ವೈದ್ಯೆ. ಚಿಕಿತ್ಸೆಯಿಂದ ಹತೋಟಿಯಲ್ಲಿಡಬಹುದಾದ ಕಾಯಿಲೆ ಮದುವೆ ಮುರಿಯಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ ವಿಚ್ಛೇದನ ಕೊಡಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇಲ್ಲಿ ಮುಖ್ಯ. ಹಿಂದೆ ಮಾನಸಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದಿದ್ದರು ಎಂಬುದರಿಂದಲೇ ಇವತ್ತು ಕಾಯಿಲೆ ಇದೆ ಎಂದು ತೀರ್ಮಾನಿಸುವಂತಿಲ್ಲ. ಕಾಯಿಲೆ ಇದೆ ಎಂದರೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದೂ ಅರ್ಥವಲ್ಲ. ಅದನ್ನು ಕೋರ್ಟೇ ಘೋಷಿಸಬೇಕು. ಇನ್ನು ಸೆಕ್ಷನ್ 105. ಒಬ್ಬರು ಮಾನಸಿಕ ಕಾಯಿಲೆಯ ಪುರಾವೆ ಕೊಟ್ಟು, ಇನ್ನೊಬ್ಬರು ಅದನ್ನು ಅಲ್ಲಗಳೆದರೆ ಕೋರ್ಟ್ ವಿಷಯವನ್ನು ಮಾನಸಿಕ ಆರೋಗ್ಯ ಮಂಡಳಿಗೆ ಕಳಿಸಬೇಕು. ಮಂಡಳಿ ತಾನೇ ಪರೀಕ್ಷಿಸಿ, ಇಲ್ಲವೇ ಪರಿಣತರ ಸಮಿತಿಯಿಂದ ಪರೀಕ್ಷೆ ಮಾಡಿಸಿ ಅಭಿಪ್ರಾಯ ಕೊಡುತ್ತದೆ. ನಿಮ್ಮ ಮೇಲೆ ಇಂಥ ಆರೋಪ ಬಂದಿದ್ದರೆ ನಿಮ್ಮ ವಕೀಲರಿಗೆ ಈ ಸೆಕ್ಷನ್ ನೆನಪಿಸಿ.

ಒಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ಡಿಪ್ರೆಶನ್ನಿಗೋ ನಿದ್ದೆ ಬಾರದ್ದಕ್ಕೋ ತೆಗೆದುಕೊಂಡ ಮಾತ್ರೆಯ ಚೀಟಿಯನ್ನು ಹಿಡಿದು 'ಇವಳಿಗೆ ಹುಚ್ಚು', 'ಇವನಿಗೆ ತಲೆ ಕೆಟ್ಟಿದೆ' ಎಂದು ಬರೆಸುವುದು ಅನ್ಯಾಯ. ಎಷ್ಟೋ ಸಲ ಆ ಡಿಪ್ರೆಶನ್ ಬಂದಿರುವುದೇ ಈ ಮದುವೆಯಿಂದ. ಸಾಬೀತಾಗದ ಇಂಥ ಆರೋಪ ತಿರುಗಿ ಬಿದ್ದು, ಆರೋಪ ಮಾಡಿದವರದ್ದೇ ಮಾನಸಿಕ ಕ್ರೌರ್ಯ ಎಂದು ಎದುರಿನವರು ವಾದಿಸಬಹುದು. ಜೊತೆಗೆ, ಕೋರ್ಟಿನ ಭಯಕ್ಕೆ ಜನ ಚಿಕಿತ್ಸೆಗೇ ಹೋಗದ ಸ್ಥಿತಿ ಬರುತ್ತದೆ. ಕೇಸು ನಡೆಯುತ್ತಿದೆ ಎಂದು ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಸರಿಯಾಗಿ ಚಿಕಿತ್ಸೆ ಪಡೆಯುತ್ತಿರುವ ದಾಖಲೆ ನಿಮ್ಮ ಪರವಾಗಿಯೇ ಮಾತಾಡುತ್ತದೆ.

ಮದುವೆಗೆ ಮುಂಚೆಯೇ ಕಾಯಿಲೆ ಇತ್ತು, ಮುಚ್ಚಿಟ್ಟು ಮದುವೆ ಮಾಡಿದರು. ಆಗ?

ಅದು ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 12ರ ಕೆಳಗೆ ಮದುವೆ ರದ್ದು ಕೋರುವ ಬೇರೆ ದಾರಿ. ಮೋಸದ ಆಧಾರವಾದರೆ, ಅದು ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಗೊತ್ತಾದ ಮೇಲೂ ಮನಸಾರೆ ಒಟ್ಟಿಗೆ ಬಾಳಿದ್ದರೆ ಅರ್ಜಿ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ದಾಖಲೆಯ ತಾರೀಕೇ ಪ್ರಾಣ. ಮದುವೆಗೆ ಮುಂಚಿನ ಚಿಕಿತ್ಸೆಯ ಕಾಗದ, ಅದು ನಿಮ್ಮ ಕೈಗೆ ಸಿಕ್ಕ ದಿನ ಎರಡನ್ನೂ ತೋರಿಸಬೇಕು. ಮುಚ್ಚಿಟ್ಟ ವಿಷಯ ಮದುವೆಗೆ ಮಹತ್ವದ್ದಾಗಿರಬೇಕು, ಚಿಕ್ಕಪುಟ್ಟ ಕಾಯಿಲೆಗೆಲ್ಲ ಇದು ಅನ್ವಯಿಸುವುದಿಲ್ಲ. ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಎಂದು ಹೇಳುತ್ತಿದ್ದ ಪದವನ್ನು 1999ರಲ್ಲೇ ಕಾಯ್ದೆಯಿಂದ ತೆಗೆದಿದ್ದಾರೆ. ಕುಷ್ಠರೋಗ 2019ರಲ್ಲಿ ವಿಚ್ಛೇದನದ ಕಾರಣಗಳ ಪಟ್ಟಿಯಿಂದ ಹೋಯಿತು.

ಸಂಗಾತಿಗೆ ವೈದ್ಯಕೀಯ ಪರೀಕ್ಷೆ ಮಾಡಿಸಿ ಎಂದು ಕೋರ್ಟನ್ನು ಕೇಳಬಹುದಾ?

ಕೇಳಬಹುದು. 2003ರಲ್ಲಿ ಸುಪ್ರೀಂ ಕೋರ್ಟ್ ಮೂರು ವಿಷಯ ಹೇಳಿತು. ಪರೀಕ್ಷೆಗೆ ಆದೇಶಿಸುವ ಅಧಿಕಾರ ಕೋರ್ಟಿಗಿದೆ. ಅದು ಸಂವಿಧಾನದ 21ನೇ ವಿಧಿಯ (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ) ಉಲ್ಲಂಘನೆಯಲ್ಲ. ಆದರೆ ಕೇಳುವವರ ಹತ್ತಿರ ಮೇಲ್ನೋಟಕ್ಕೆ ಬಲವಾದ ಕೇಸು, ಸಾಕಷ್ಟು ಆಧಾರ ಇರಬೇಕು. 'ನನಗೆ ಅನುಮಾನ, ಪರೀಕ್ಷೆ ಮಾಡಿಸಿ ನೋಡೋಣ' ಎಂದರೆ ಆ ಮಧ್ಯಂತರ ಅರ್ಜಿ (ಕೇಸಿನ ನಡುವೆ ಹಾಕುವ ಅರ್ಜಿ) ವಜಾ ಆಗುತ್ತದೆ.

ಆದೇಶವಾದರೂ ಒಬ್ಬರನ್ನು ಎಳೆದುಕೊಂಡು ಹೋಗಿ ರಕ್ತ ತೆಗೆಯುವುದಿಲ್ಲ. ಹೋಗದೆ ಇದ್ದರೆ ಅವರ ವಿರುದ್ಧ ಊಹೆ ಮಾಡಿಕೊಳ್ಳಲು ಕೋರ್ಟಿಗೆ ಅವಕಾಶವಿದೆ.

ಗಂಡಸುತನದ ಪರೀಕ್ಷೆಯ ವರದಿ 'ಸರಿಯಿದೆ' ಎಂದು ಬಂದರೆ ಕೇಸು ಬಿದ್ದುಹೋಗುತ್ತದಾ?

ಹಾಗೇನಿಲ್ಲ. ಕಾನೂನು ನೋಡುವುದು ಈ ಇಬ್ಬರ ನಡುವೆ ದೈಹಿಕ ಸಂಬಂಧ ಸಾಧ್ಯವಾಯಿತೇ ಎಂದು. ದೇಹ ಸರಿಯಿದ್ದೂ ಮನಸ್ಸಿನ ಕಾರಣಕ್ಕೆ ಆಗದೇ ಇರಬಹುದು. ಮಕ್ಕಳಾಗದಿರುವುದು ಬೇರೆ, ಇದು ಬೇರೆ. ವೀರ್ಯಾಣು ಎಣಿಕೆ ಕಡಿಮೆ ಎಂಬ ವರದಿ ತಂದು ಮದುವೆ ರದ್ದು ಕೇಳಿದರೆ ಅದು ಆಧಾರವೇ ಅಲ್ಲ. 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿ ಒಂದು ವಿಶೇಷವಿದೆ. ಗಂಡ ಕೇಳಿಕೊಂಡರೆ, ತನ್ನ ಸ್ಥಿತಿ ಸರಿಹೋಗಿದೆ ಎಂದು ತೋರಿಸಲು ಕೋರ್ಟ್ ಒಂದು ವರ್ಷ ಕೊಡುತ್ತದೆ.

ಮಗುವಿನ ಡಿಎನ್‌ಎ ಪರೀಕ್ಷೆ ಮಾಡಿಸಿ ವ್ಯಭಿಚಾರ ಸಾಬೀತು ಮಾಡಬಹುದಾ?

ಮದುವೆ ಇರುವಾಗ ಹುಟ್ಟಿದ ಮಗು ಆ ದಂಪತಿಯದೇ ಎಂದು ಕಾನೂನು ಭಾವಿಸುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಇದು ಸೆಕ್ಷನ್ 116. ಗರ್ಭ ನಿಲ್ಲಬಹುದಾಗಿದ್ದ ಕಾಲದಲ್ಲಿ ಇಬ್ಬರೂ ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಅದು ಬೀಳುತ್ತದೆ. ಹಿಂದೆ ಕೆಲವು ಕೇಸುಗಳಲ್ಲಿ ಡಿಎನ್‌ಎಗೆ ಒಪ್ಪಿಗೆ ಸಿಕ್ಕಿದ್ದುಂಟು. ಆದರೆ 2023ರಲ್ಲಿ ಸುಪ್ರೀಂ ಕೋರ್ಟ್, ಗಂಡ ಹೆಂಡತಿಯ ಜಗಳದಲ್ಲಿ ಮಗುವಿನ ಡಿಎನ್‌ಎ ಪರೀಕ್ಷೆಗೆ ಸುಮ್ನೆ ಆದೇಶ ಕೊಡಬಾರದು, ಮಗುವಿಗೂ ಖಾಸಗಿತನದ ಹಕ್ಕಿದೆ ಎಂದಿತು. ಅದು ಸರಿಯಾದ ಮಾತು. ಜಗಳದಲ್ಲಿ ಮಗುವಿನ ತಪ್ಪು ಏನೂ ಇಲ್ಲ. 'ಇದು ಯಾರ ಮಗು' ಎಂಬ ಪ್ರಶ್ನೆಯನ್ನು ಅದು ಜೀವಮಾನವಿಡೀ ಹೊರಬೇಕು.

ಸಂಗಾತಿಯ ಫೈಲನ್ನು ನಾನೇ ಆಸ್ಪತ್ರೆಯಿಂದ ತರಬಹುದಾ?

ಅವರ ಒಪ್ಪಿಗೆ ಇಲ್ಲದೆ ಆಗದು. ಗಂಡ ಅಥವಾ ಹೆಂಡತಿ ಎಂಬ ಸಂಬಂಧದಿಂದ ಆ ಹಕ್ಕು ಬರುವುದಿಲ್ಲ. 2002ರ ವೈದ್ಯಕೀಯ ವೃತ್ತಿ ನಿಯಮಾವಳಿಯ ಪ್ರಕಾರ ರೋಗಿಯ ಗುಟ್ಟನ್ನು ವೈದ್ಯರು ಕಾಪಾಡಬೇಕು. ನ್ಯಾಯಾಧೀಶರ ಆದೇಶದ ಮೇಲೆ ಕೋರ್ಟಿನಲ್ಲಿ ಹೇಳಬಹುದು. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ನೋಡೋಣ ಎಂದು ಕೆಲವರು ಹೊರಡುತ್ತಾರೆ. ವೈದ್ಯಕೀಯ ದಾಖಲೆ ವೈಯಕ್ತಿಕ ಮಾಹಿತಿ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಸರಿಯಾದ ದಾರಿ ಕೋರ್ಟಿನ ಮೂಲಕ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 16ರ (ಆ ಸಂಹಿತೆಯ ಒಂದು ಭಾಗದ ಹೆಸರು) ಕೆಳಗೆ ಆಸ್ಪತ್ರೆಗೆ ಸಮನ್ಸ್ ಕಳಿಸಿ ದಾಖಲೆ ತರಿಸಬಹುದು. ಯಾವ ಆಸ್ಪತ್ರೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಕೇಸಿಗೆ ಅದು ಯಾಕೆ ಬೇಕು ಎಂಬುದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿರಿ. 'ಎಲ್ಲ ದಾಖಲೆ ತರಿಸಿ' ಎಂಬ ಅರ್ಜಿಗೆ ತಕರಾರು ಬರುತ್ತದೆ, ಬರಲೂಬೇಕು.

ಅವರ ಫೋನಿನಿಂದ ಗುಟ್ಟಾಗಿ ರಿಪೋರ್ಟಿನ ಫೋಟೋ ತೆಗೆದುಕೊಂಡಿದ್ದೇನೆ. ನಡೆಯುತ್ತದಾ?

ಹೇಗೆ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಕೋರ್ಟುಗಳು ಪುರಾವೆಯನ್ನು ತಳ್ಳಿಹಾಕುವುದು ಕಡಿಮೆ. ದಂಪತಿಯ ನಡುವೆ ಗುಟ್ಟಾಗಿ ಮಾಡಿದ ಕರೆ ರೆಕಾರ್ಡಿಂಗನ್ನೂ ವೈವಾಹಿಕ ಕೇಸಿನಲ್ಲಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿತು. ಆದರೆ ಕೋರ್ಟ್ ನೋಡಿತು ಎಂದ ಮಾತ್ರಕ್ಕೆ ನೀವು ಮಾಡಿದ್ದು ಸರಿ ಆಗುವುದಿಲ್ಲ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಅವರ ಆರೋಗ್ಯ ಖಾತೆಗೆ ನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕೇಸು ಎದುರಾಗಬಹುದು. ಸಮನ್ಸ್ ಮೂಲಕ ತರಿಸುವ ದಾರಿ ಇರುವಾಗ ಈ ಅಪಾಯ ಬೇಡ.

ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಸಾಕಾ?

ಪ್ರಿಂಟ್ ತೆಗೆದು ಕೊಟ್ಟರೆ ಸಾಲದು. ಹೊಸ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ಸಾಧನದ ಹೊಣೆ ಹೊತ್ತವರು, ಇನ್ನೊಂದಕ್ಕೆ ಪರಿಣತರು ಸಹಿ ಹಾಕುತ್ತಾರೆ. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಡಿಜಿಟಲ್ ಗುರುತನ್ನು) ಬರೆಯಬೇಕು. ನಿಮ್ಮದೇ ರಿಪೋರ್ಟ್ ಆದರೆ ಇದಕ್ಕಿಂತ ಸುಲಭದ ದಾರಿ ಇದೆ. ಆಸ್ಪತ್ರೆಗೆ ಹೋಗಿ ಸಹಿ, ಮೊಹರು ಇರುವ ಪ್ರತಿ ತನ್ನಿ.

ನನ್ನ ದಾಖಲೆ ಕೊಡಲು ಆಸ್ಪತ್ರೆ ಸತಾಯಿಸುತ್ತಿದೆ.

ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಮೇಲೆ ಹೇಳಿದ 2002ರ ನಿಯಮಾವಳಿಯ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ ಇಟ್ಟಿರಬೇಕು. ಅದಕ್ಕಿಂತ ಹಳೆಯದು ಸಿಗದೇ ಹೋಗಬಹುದು. ಹಾಗಾಗಿ ಕೇಸು ಹಾಕುವ ಯೋಚನೆ ಇನ್ನೂ ಗಟ್ಟಿಯಾಗದಿದ್ದರೂ ನಿಮ್ಮ ಪ್ರತಿಯನ್ನು ಈಗಲೇ ತಂದು, ಮನೆಯ ಹೊರಗೆ ನಂಬಿಕಸ್ಥರ ಹತ್ತಿರ ಇಡಿ.

ನನಗೆ ಎಚ್‌ಐವಿ ಇದೆ. ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದಾ?

ಗೊತ್ತಾಗದಂತೆ ಕೇಳಿಕೊಳ್ಳುವ ಹಕ್ಕು ನಿಮಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಕೆಳಗೆ ಹೆಸರಿನ ಬದಲು ಗುಪ್ತನಾಮ ಬಳಸಲು, ಮುಚ್ಚಿದ ಕೋಣೆಯಲ್ಲಿ ವಿಚಾರಣೆ ನಡೆಸಲು ಕೋರ್ಟ್ ಆದೇಶಿಸಬಹುದು. ಮೊದಲ ದಿನವೇ ಅರ್ಜಿ ಹಾಕಿ. ಹೆಸರು ಒಂದು ಸಲ ಹೊರಗೆ ಹೋದರೆ ವಾಪಸ್ ತರಲು ಆಗುವುದಿಲ್ಲ.

ಬೇರೆ ಕೇಸುಗಳಲ್ಲಿ ಗುಟ್ಟು ಉಳಿಯುತ್ತದಾ?

ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 22 ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಬೇಕು ಎನ್ನುತ್ತದೆ. ಅಲ್ಲಿ ನಡೆದದ್ದನ್ನು ಪ್ರಕಟಿಸುವುದು ಅಪರಾಧ. ಕೌಟುಂಬಿಕ ನ್ಯಾಯಾಲಯದಲ್ಲಿ ಇಬ್ಬರಲ್ಲಿ ಒಬ್ಬರು ಕೇಳಿದರೂ ಸಾಕು, ಬಾಗಿಲು ಮುಚ್ಚಬೇಕು. ಸೂಕ್ಷ್ಮ ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಲು ಅನುಮತಿ ಕೇಳಬಹುದು. ಸಂಗಾತಿಯ ರಿಪೋರ್ಟನ್ನು ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಅದು ಕ್ರೂರ, ಮತ್ತು ನಿಮ್ಮ ಕೇಸನ್ನೇ ಹಾಳುಮಾಡುತ್ತದೆ.

ಹೆಂಡತಿ ನನಗೆ ತಿಳಿಸದೆ ಗರ್ಭಪಾತ ಮಾಡಿಸಿಕೊಂಡಳು. ಇದು ಕ್ರೌರ್ಯವಾ?

ಗರ್ಭಪಾತಕ್ಕೆ ಕಾನೂನು ಕೇಳುವುದು ವಯಸ್ಕ ಹೆಣ್ಣಿನ ಒಪ್ಪಿಗೆಯನ್ನು ಮಾತ್ರ. ವೈದ್ಯಕೀಯ ಕಾರಣವಿಲ್ಲದೆ, ಗಂಡನಿಗೆ ತಿಳಿಸದೆ ಮಾಡಿಸಿದರೆ ಅದು ಮಾನಸಿಕ ಕ್ರೌರ್ಯ ಆಗಬಹುದು ಎಂದು 2007ರ ಸುಪ್ರೀಂ ಕೋರ್ಟ್ ತೀರ್ಪು ಉದಾಹರಣೆಯಾಗಿ ಹೇಳಿದೆ. ಹೆಂಡತಿಗೆ ತಿಳಿಸದೆ ಗಂಡ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಳ್ಳುವುದನ್ನೂ ಅದೇ ಸಾಲಿನಲ್ಲಿ ಸೇರಿಸಿದೆ. 2009ರಲ್ಲಿ ಅದೇ ಕೋರ್ಟ್, ಹೆರುವ ಅಥವಾ ಹೆರದಿರುವ ಆಯ್ಕೆ ಹೆಣ್ಣಿನ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು. ಎರಡನ್ನೂ ಒಟ್ಟಿಗೆ ಓದಬೇಕು. ಯಾಕೆ ಮಾಡಿಸಿದರು ಎಂಬ ಕಥೆ ಇಲ್ಲದೆ ಆಸ್ಪತ್ರೆಯ ಕಾಗದಕ್ಕೆ ಅರ್ಥವಿಲ್ಲ.

ಮಕ್ಕಳ ಕಸ್ಟಡಿಗೆ, ಜೀವನಾಂಶಕ್ಕೆ ಈ ದಾಖಲೆ ಹೇಗೆ ಬಳಕೆಯಾಗುತ್ತದೆ?

ಕಸ್ಟಡಿಯಲ್ಲಿ ಕೋರ್ಟ್ ನೋಡುವುದು ಮಗುವಿನ ಹಿತ. ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮನಿಗೆ ಡಿಪ್ರೆಶನ್ ಎಂದ ಕೂಡಲೇ ಮಗುವನ್ನು ಕಿತ್ತುಕೊಳ್ಳುವುದಿಲ್ಲ. ಆ ಕಾಯಿಲೆಯಿಂದ ಮಗುವಿನ ಆರೈಕೆಗೆ ನಿಜವಾಗಿ ತೊಂದರೆಯಾಗಿದೆಯೇ ಎಂದು ತೋರಿಸಬೇಕು. ಮಗುವಿನ ಲಸಿಕೆ ಕಾರ್ಡು, ಮಕ್ಕಳ ವೈದ್ಯರ ಚೀಟಿಗಳು ಎಷ್ಟೋ ಸಲ ಹೆಚ್ಚು ಹೇಳುತ್ತವೆ. ಜ್ವರ ಬಂದಾಗ ಕರೆದುಕೊಂಡು ಹೋದವರು ಯಾರು ಎಂಬುದು ಅವುಗಳಲ್ಲಿ ಕಾಣುತ್ತದೆ.

ಜೀವನಾಂಶದಲ್ಲಿ ವಿಷಯ ಸರಳ. ಸುಪ್ರೀಂ ಕೋರ್ಟಿನ 2020ರ ನವೆಂಬರಿನ ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. ಗಂಭೀರ ಕಾಯಿಲೆ, ಅಂಗವಿಕಲತೆ, ಚಿಕಿತ್ಸೆಯ ಖರ್ಚು ಅದರಲ್ಲಿ ಬರುತ್ತದೆ. ಬಿಲ್ಲುಗಳನ್ನು ತಿಂಗಳುವಾರು ಜೋಡಿಸಿ.

ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ?

ಕೋರ್ಟಿನಲ್ಲಿ ಸುಳ್ಳು ಸಾಕ್ಷ್ಯ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 229ರ ಕೆಳಗೆ 7 ವರ್ಷದವರೆಗೆ ಜೈಲು. ಎದುರಿನವರ ಸರ್ಟಿಫಿಕೇಟ್ ಮೇಲೆ ಅನುಮಾನವಿದ್ದರೆ ಆಸ್ಪತ್ರೆಯ ರಿಜಿಸ್ಟರನ್ನು ತರಿಸಿ. ನಂಬರು, ತಾರೀಕು ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ವೈದ್ಯರು ಸಾಕ್ಷಿ ಹೇಳಲು ಬರುತ್ತಿಲ್ಲ.

ಸಮನ್ಸ್ ಕೊಡಿಸಿ. ವರ್ಗವಾಗಿ ದೂರ ಹೋಗಿದ್ದರೆ ವಿಡಿಯೋ ಕಾನ್ಫರೆನ್ಸ್ ಮೂಲಕ ಅಥವಾ ಕೋರ್ಟ್ ನೇಮಿಸುವ ಕಮಿಷನರ್ ಮುಂದೆ ಸಾಕ್ಷಿ ದಾಖಲಿಸಲು ಅರ್ಜಿ ಹಾಕಬಹುದು. ತೀರಿಕೊಂಡಿದ್ದರೆ ಅವರ ಕೈಬರಹ, ಸಹಿ ಗುರುತಿಸಬಲ್ಲ ಸಹೋದ್ಯೋಗಿ ಬರಬಹುದು.

ಕೋರ್ಟಿಗೆ ಕೊಟ್ಟ ಮೂಲ ರಿಪೋರ್ಟುಗಳು ವಾಪಸ್ ಸಿಗುತ್ತವಾ? ಚಿಕಿತ್ಸೆಗೆ ಬೇಕಾಗುತ್ತವೆ.

ಸಿಗುತ್ತವೆ. ಮೇಲ್ಮನವಿಯ ಅವಧಿ ಮುಗಿದ ಮೇಲೆ, ಮೇಲ್ಮನವಿ ಹಾಕಿದ್ದರೆ ಅದು ತೀರ್ಮಾನವಾದ ಮೇಲೆ ಅರ್ಜಿ ಕೊಟ್ಟು ಪಡೆಯಬಹುದು. ಅಲ್ಲಿಯವರೆಗೆ ಕಾಯಲು ಆಗದಿದ್ದರೆ ದೃಢೀಕೃತ ಪ್ರತಿಯನ್ನು ಫೈಲಿನಲ್ಲಿಟ್ಟು, ಕರೆದಾಗ ಮೂಲವನ್ನು ತರುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟು ಮೊದಲೇ ತೆಗೆದುಕೊಳ್ಳಬಹುದು. ಎಕ್ಸ್‌ರೇ, ಸ್ಕ್ಯಾನ್ ಫಿಲ್ಮುಗಳನ್ನು ಕೊಡುವ ಮುಂಚೆ ಅವುಗಳ ಡಿಜಿಟಲ್ ಪ್ರತಿಯನ್ನು ಸ್ಕ್ಯಾನಿಂಗ್ ಕೇಂದ್ರದಿಂದ ಪಡೆದಿಡಿ. ಫಿಲ್ಮನ್ನು ಜೆರಾಕ್ಸ್ ಮಾಡಿಸಿದರೆ ವೈದ್ಯರಿಗೆ ಅದರಲ್ಲಿ ಏನೂ ಕಾಣುವುದಿಲ್ಲ.